ಕಡತದ ರೂಪ ಬದಲಾಗಲಿ, ಕನ್ನಡ ಕೆಡದಿರಲಿ

ವಿದ್ಯಾರ್ಥಿವೇತನದ ಅರ್ಜಿಯನ್ನು ವರ್ಡ್ ಕಡತವಾಗಿ ಕನ್ನಡದಲ್ಲಿ ಅಂದವಾಗಿ ಸಿದ್ಧಪಡಿಸಿ ಜಾಲತಾಣಕ್ಕೆ ಏರಿಸುತ್ತೀರಿ. ಅಲ್ಲಿನ ಯಂತ್ರ ಅದನ್ನು ಪಿಡಿಎಫ್ ಮಾಡಿ ಕೊಡುತ್ತದೆ. ತೆರೆದು ನೋಡಿದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು! ಅಂದೇ ಕೊನೆಯ ದಿನವಾದರೆ ಗತಿಯೇನು? ಹೀಗೇಕಾಗುತ್ತದೆ?

ವರ್ಡ್ ಕಡತದಲ್ಲಿರುವುದು ಅಕ್ಷರಗಳ ಚಿತ್ರವಲ್ಲ. ಸಂಕೇತ ಸಂಖ್ಯೆಗಳು ಮತ್ತು ಫಾಂಟಿನ ಹೆಸರು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲು. ‘ಸ್ತ್ರೀ’ ಎಂದು ಬರೆಯಲು 6 ಸಂಕೇತ ಬೇಕು: ಸ, ತ, ರ ಎಂಬ ಮೂರು ವ್ಯಂಜನ, ಎರಡು ಅರ್ಧಾಕ್ಷರ ಚಿಹ್ನೆ, ಒಂದು ದೀರ್ಘದ ಚಿಹ್ನೆ. ಇವನ್ನು ಒಂದೇ ಅಕ್ಷರವಾಗಿ ಬೆಸೆಯುವುದು ಫಾಂಟು ಮತ್ತು ಜೋಡಣೆಯ ತಂತ್ರಾಂಶ. ನಿಮ್ಮ ಮನೆಯ ಗಣಕದಲ್ಲಿ ಇವೆರಡೂ ಇವೆ. ದೂರದ ಸರ್ವರ್‌ನಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಚೌಕಗಳು ಮೂಡುತ್ತವೆ. 1993ರಲ್ಲಿ ಬಂದ ಪಿಡಿಎಫ್‌ನ ಉದ್ದೇಶ, ಪುಟ ಎಲ್ಲೆಡೆ ಒಂದೇ ರೀತಿ ಕಾಣಬೇಕೆಂಬುದು. ಅದು ಫೋಟೋ ಇದ್ದಂತೆ. ತೆಗೆಯುವಾಗ ಕೆಟ್ಟದ್ದು ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಮೊದಲ ಸುಧಾರಣೆ, ಸರ್ವರ್‌ನಲ್ಲಿ ಕನ್ನಡ ಫಾಂಟುಗಳನ್ನು ಅಳವಡಿಸುವುದು. ನುಡಿ, ಬರಹಗಳ ಹಳೆಯ ಫಾಂಟುಗಳ ಕಥೆ ಬೇರೆ. ಅವು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅಂಥ ಕಡತವನ್ನು ಗುರುತಿಸಿ ಮೊದಲು ಯೂನಿಕೋಡ್‌ಗೆ ತಿರುಗಿಸಬೇಕು.

ಎರಡನೆಯದು ಸರದಿ. ಕೊನೆಯ ದಿನ ಸಾವಿರಾರು ಕಡತಗಳು ಒಟ್ಟಿಗೆ ಬಂದಾಗ ಎಲ್ಲವನ್ನೂ ಒಮ್ಮೆಲೇ ಪರಿವರ್ತಿಸಹೊರಟರೆ ಗಣಕದ ಸ್ಮೃತಿ ಸಾಲದೆ ಜಾಲತಾಣವೇ ಕುಸಿಯಬಹುದು. ಹಿಟ್ಟಿನ ಗಿರಣಿಯಲ್ಲಿ ಡಬ್ಬಗಳನ್ನು ಸಾಲಾಗಿ ಇಟ್ಟು ಬೀಸುವುದಿಲ್ಲವೇ? ಹಾಗೆಯೇ ಅರ್ಜಿ ಪಡೆದ ಕೂಡಲೇ ಸ್ವೀಕೃತಿ ಸಂಖ್ಯೆ ಕೊಟ್ಟು, ಪರಿವರ್ತನೆಯನ್ನು ಬೇರೆ ಗಣಕಗಳಿಗೆ ಸರದಿಯಂತೆ ಒಪ್ಪಿಸುವುದು ಜಾಣತನ.

ಮೂರನೆಯದು ಕಾಲಮಿತಿ. ಕೆಟ್ಟ ಕಡತವೊಂದು ಯಂತ್ರವನ್ನು ಹಿಡಿದು ಕೂತರೆ ಹಿಂದಿನವರೆಲ್ಲ ಕಾಯಬೇಕು. ಗೊತ್ತಾದ ಅವಧಿಯಲ್ಲಿ ಮುಗಿಯದಿದ್ದರೆ ಅದನ್ನು ನಿಲ್ಲಿಸಿ, ಇನ್ನೊಮ್ಮೆ ಯತ್ನಿಸಿ, ಆಗಲೂ ಆಗದಿದ್ದರೆ ಅರ್ಜಿದಾರನಿಗೆ ಸ್ಪಷ್ಟವಾಗಿ ತಿಳಿಸಬೇಕು. ಮೂಲ ಕಡತವನ್ನಂತೂ ಅಳಿಸಲೇಬಾರದು. ಸೋತೆನೆಂದು ಹೇಳುವ ಯಂತ್ರಕ್ಕಿಂತ, ಕೆಟ್ಟ ಪುಟ ಕೊಟ್ಟು ‘ಯಶಸ್ವಿ’ ಎನ್ನುವ ಯಂತ್ರವೇ ಹೆಚ್ಚು ಅಪಾಯಕಾರಿ.

ಇವೆಲ್ಲ ತಂತ್ರಜ್ಞರ ಕೆಲಸ. ನಿಮ್ಮ ಪಾಲಿನದೂ ಒಂದಿದೆ. ಸಾಧ್ಯವಾದರೆ ಪಿಡಿಎಫ್ ಅನ್ನು ಮನೆಯಲ್ಲೇ ಮಾಡಿ ಕಳಿಸಿ. ಜಾಲತಾಣ ಮಾಡಿಕೊಟ್ಟದ್ದಾದರೆ, ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ತೆರೆದು ಹೆಸರು, ಊರು, ಒತ್ತಕ್ಷರಗಳನ್ನು ಓದಿ ನೋಡಿ. ಎರಡು ನಿಮಿಷದ ಈ ತಾಳ್ಮೆ ಒಂದು ವರ್ಷದ ವಿದ್ಯಾರ್ಥಿವೇತನವನ್ನು ಉಳಿಸಬಲ್ಲದು.