ಹರಬೋಲಾ ಅಂದ್ರೆ ಯಾರು?

ಒಬ್ಬನೇ ಮನುಷ್ಯ. ಬಾಯಿಗೆ ಅಂಗೈ ಅಡ್ಡ ಹಿಡಿದು ಮೊದಲು ಕೋಗಿಲೆ ಕೂಗು, ಆಮೇಲೆ ಬೆಕ್ಕುಗಳ ಜಗಳ, ಕೊನೆಗೆ ಸ್ಟೇಷನ್ ಬಿಡೋ ರೈಲು. ನಾವು ಇವನನ್ನ ಮಿಮಿಕ್ರಿ ಕಲಾವಿದ ಅಂತೀವಿ. ಕೋಲ್ಕತ್ತದಲ್ಲಿ ಇವನು ಹರಬೋಲಾ; ಬಂಗಾಳಿಗಳ ಬಾಯಲ್ಲಿ ‘ಹೊರ್‌ಬೋಲಾ’.

ಹರಬೋಲಾನ ಬಂಡವಾಳ ಗಂಟಲು ಮಾತ್ರ. ಅದೇ ಬಣ್ಣ ಬಳ್ಕೊಂಡು ಶಿವನೋ ಹುಲಿಯೋ ಆಗಿ ಊರೂರು ತಿರುಗೋನು ಬಹುರೂಪಿ, ನಮ್ಮ ಹಗಲುವೇಷದವರ ನೆಂಟ. ಬಂಗಾಳಿ ಸಾಹಿತಿ ಶರತ್‌ಚಂದ್ರರ ‘ಶ್ರೀಕಾಂತ’ ಕಾದಂಬರಿಯಲ್ಲಿ ಹುಲಿವೇಷದಿಂದ ಮನೆಮಂದಿಯನ್ನೆಲ್ಲ ನಡುಗಿಸೋ ಶ್ರೀನಾಥ ಬಹುರೂಪಿ. ಗುಟ್ಟು ರಟ್ಟಾದ ಮೇಲೆ ಪಾಪ, ಅವನ ಬಾಲಕ್ಕೇ ಕತ್ತರಿ ಬೀಳುತ್ತೆ!

ಸತ್ಯಜಿತ್ ರಾಯ್ ಮಕ್ಕಳಿಗಾಗಿ ಬರೆದ ಕಥೆ ‘ಸುಜನ್ ಹರಬೋಲಾ’. ಹಕ್ಕಿಗಳ ದನಿಯನ್ನೆಲ್ಲ ಕಲಿತ ಹುಡುಗನೇ ಅದರ ನಾಯಕ. ದನಿ ಅನುಕರಿಸೋ ಹುಡುಗನಿಗೆ ಇಷ್ಟು ಪ್ರೀತಿಯಿಂದ ಜಾಗ ಕೊಟ್ಟ ಈ ಕಥೆಯನ್ನ ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ.

ನಾಟಕದವರಿಗೂ ಹರಬೋಲಾ, ಬಹುರೂಪಿ ಅನ್ನೋ ಈ ಪದಗಳ ಮೇಲೆ ಮೋಹ. 1950ರ ದಶಕದ ಕೋಲ್ಕತ್ತದಲ್ಲಿ ‘ಹರಬೋಲಾ’ ಅನ್ನೋ ತಂಡ ಇತ್ತು. ಮುಂದೆ ಬಂಗಾಳಿ ಸಾಹಿತಿಯಾಗಿ ಹೆಸರಾದ ಸುನೀಲ್ ಗಂಗೋಪಾಧ್ಯಾಯ ತರುಣರಾಗಿದ್ದಾಗ ಅದರಲ್ಲಿದ್ದರು. ಅದಕ್ಕೂ ಮೊದಲು, 1948ರಲ್ಲಿ, ಶಂಭು ಮಿತ್ರ ಕಟ್ಟಿದ ತಂಡ ‘ಬಹುರೂಪಿ’. ನಮ್ಮ ಮೈಸೂರಿನ ರಂಗಾಯಣ ನಡೆಸೋ ನಾಟಕೋತ್ಸವಕ್ಕೂ ಅದೇ ಹೆಸರು.