ಸುತ್ತಿಗೆಯ ಮಾತು ಯಾರದು?

ಕೈಯಲ್ಲಿ ಸುತ್ತಿಗೆಯೊಂದೇ ಇದ್ದವನಿಗೆ ಕಂಡದ್ದೆಲ್ಲ ಮೊಳೆ! ಮ್ಯಾನೇಜ್‌ಮೆಂಟ್ ತರಗತಿಗಳಿಂದ ಸಾಫ್ಟ್‌ವೇರ್ ಕಚೇರಿಗಳವರೆಗೆ, ಸಮಸ್ಯೆಗೆ ಪರಿಹಾರ ಹುಡುಕುವ ಪ್ರಸ್ತಾಪ ಬಂದಲ್ಲೆಲ್ಲ ಕೇಳಿಬರುವ ಮಾತಿದು. ಆಡಿದವರಾರು ಎಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಮಾರ್ಕ್ ಟ್ವೈನ್ ಎನ್ನುವವರಿದ್ದಾರೆ. ಅವರ ಬರಹಗಳಲ್ಲಿ ಇದು ಸಿಕ್ಕಿಲ್ಲ. ವಾರಸುದಾರರಿಲ್ಲದ ಚತುರೋಕ್ತಿಗಳನ್ನು ಟ್ವೈನ್ ಖಾತೆಗೆ ಜಮಾ ಮಾಡುವುದು ಹಳೆಯ ರೂಢಿ.

ಹೆಚ್ಚು ಪ್ರಚಲಿತವಾದ ಹೆಸರು ಅಬ್ರಹಾಂ ಮಾಸ್ಲೋ ಅವರದು. ಮಾನವನ ಅಗತ್ಯಗಳ ಶ್ರೇಣಿಯನ್ನು ವಿವರಿಸಿ ಪ್ರಸಿದ್ಧರಾದ ಈ ಅಮೆರಿಕನ್ ಮನೋವಿಜ್ಞಾನಿಯ 'ದಿ ಸೈಕಾಲಜಿ ಆಫ್ ಸೈನ್ಸ್' ಗ್ರಂಥ (1966) ಈ ಮಾತನ್ನು ಇಂದಿನ ರೂಪಕ್ಕೆ ತೀರ ಸಮೀಪವಾಗಿ ಹೇಳುತ್ತದೆ.

ಆದರೆ ಸುತ್ತಿಗೆ ಅದಕ್ಕೂ ಮೊದಲೇ ಸದ್ದು ಮಾಡಿತ್ತು. 1962ರ ಫೆಬ್ರವರಿಯಲ್ಲಿ ಶಿಕ್ಷಣ ಸಂಶೋಧಕರ ಸಮ್ಮೇಳನವೊಂದರ ಔತಣಕೂಟದಲ್ಲಿ ಮಾತನಾಡಿದ ತತ್ವಶಾಸ್ತ್ರದ ಪ್ರಾಧ್ಯಾಪಕ ಅಬ್ರಹಾಂ ಕಪ್ಲಾನ್, ಹುಡುಗನ ಕೈಗೆ ಸುತ್ತಿಗೆ ಕೊಟ್ಟರೆ ಅವನು ಎದುರಾದುದನ್ನೆಲ್ಲ ಬಡಿಯತೊಡಗುತ್ತಾನೆ ಎಂಬ ದೃಷ್ಟಾಂತ ನೀಡಿದರು. ಅದೇ ಜೂನ್‌ನಲ್ಲಿ ವೈದ್ಯಕೀಯ ಶಿಕ್ಷಣದ ನಿಯತಕಾಲಿಕವೊಂದು ಇದನ್ನು ವರದಿ ಮಾಡಿತು. ಮರುವರ್ಷ ಮನೋವಿಜ್ಞಾನಿ ಸಿಲ್ವನ್ ಟಾಮ್‌ಕಿನ್ಸ್ ಕಂಪ್ಯೂಟರ್ ಕುರಿತು ಬರೆಯುತ್ತ, ಸುತ್ತಿಗೆ ಹಿಡಿದವನು ಮೊಳೆ ಹುಡುಕುತ್ತಾನೆ ಎಂಬರ್ಥದ ಮಾತು ಸೇರಿಸಿದರು. 1964ರಲ್ಲಿ ಕಪ್ಲಾನ್ 'ದಿ ಕಾಂಡಕ್ಟ್ ಆಫ್ ಇಂಕ್ವೈರಿ' ಗ್ರಂಥದಲ್ಲಿ ಇದಕ್ಕೆ 'ಉಪಕರಣದ ನಿಯಮ' ಎಂದೇ ಹೆಸರಿಟ್ಟರು.

ಇಬ್ಬರು ಅಬ್ರಹಾಂರ ಮಾತೂ ಒಂದೇ ಎಂದು ಭಾವಿಸುವುದು ಸರಿಯಲ್ಲ. ಮಾಸ್ಲೋ ಚಿತ್ರಿಸುವವನಲ್ಲಿ ಬೇರೆ ಉಪಕರಣವೇ ಇಲ್ಲ, ಅವನದು ಬಡತನ. ಕಪ್ಲಾನ್ ಅವರ ಹುಡುಗನದು ಹೊಸ ಸುತ್ತಿಗೆಯ ಸಂಭ್ರಮ. ಮನೆಯಲ್ಲಿ ಗರಗಸ, ಉಳಿ ಎಲ್ಲ ಇದ್ದರೂ ಅವನು ಬಡಿಯುವುದನ್ನು ಬಿಡಲಾರ. ತನಗೆ ಕರಗತವಾದ ವಿಧಾನಕ್ಕೆ ತಕ್ಕಂತೆ ಸಮಸ್ಯೆಯನ್ನೇ ತಿದ್ದಿಕೊಳ್ಳುವ ಸಂಶೋಧಕನನ್ನು ಕಪ್ಲಾನ್ ಗುರಿಯಾಗಿಸಿದ್ದರು. ಮೊದಲನೆಯವನಿಗೆ ಮತ್ತೊಂದು ಉಪಕರಣ ಕೊಡಿಸಿದರೆ ಸಾಕು. ಎರಡನೆಯವನ ಕಾಯಿಲೆ ಅಷ್ಟು ಸುಲಭದ್ದಲ್ಲ. ತಜ್ಞರಲ್ಲಿ ಹೆಚ್ಚಾಗಿ ಕಾಣುವವನು ಇವನೇ.

ಈ ಹುಡುಗನಿಗೂ ಒಬ್ಬ ಹಿರಿಯನಿದ್ದಾನೆ. 1868ರಲ್ಲಿ ಲಂಡನ್ನಿನ 'ಒನ್ಸ್ ಎ ವೀಕ್' ಪತ್ರಿಕೆಯ ಬರಹವೊಂದರಲ್ಲಿ ಸುತ್ತಿಗೆ ಮತ್ತು ಉಳಿ ಪಡೆದ ಬಾಲಕನೊಬ್ಬ, ಯಾರಾದರೂ ಬುದ್ಧಿ ಕಲಿಸುವತನಕ, ಬಾಗಿಲ ಕಂಬ, ಕಿಟಕಿಯ ಚೌಕಟ್ಟುಗಳನ್ನೆಲ್ಲ ಕೆತ್ತಿ ಹಾಳುಮಾಡುತ್ತಾನೆ. ಅಲ್ಲಿ ಮೊಳೆಯ ಮಾತೇ ಇಲ್ಲ.