ಮಿದುಳಿಗೆ ಪೆಟ್ಟು ಬಿದ್ದಾಗ: ನಾವು ನಂಬಿರುವುದು, ನಿಜವಾಗಿ ನಡೆಯುವುದು

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರ ಸುತ್ತ ಮಾತು ಬೇಗ ಬೆಳೆಯುತ್ತದೆ. ‘ಬುದ್ಧಿ ಹೋಗಿಬಿಟ್ಟಿದೆ’, ‘ಬೇಕಂತಲೇ ಹಠ ಮಾಡ್ತಾರೆ’, ‘ಮಾತಿನ ನರ ಹೋಗಿದೆಯಂತೆ, ಇನ್ನು ಬರಲ್ಲ’. ಹೀಗೆ ಹೇಳುವವರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಮಿದುಳಿನ ಬಗ್ಗೆ ನಮಗೆಲ್ಲ ಸಿಕ್ಕಿರುವ ಚಿತ್ರವೇ ಹಳೆಯದು. ಒಂದೊಂದು ಕೆಲಸಕ್ಕೆ ಒಂದೊಂದು ಜಾಗ, ಆ ಜಾಗ ಹಾಳಾದರೆ ಆ ಕೆಲಸ ಮುಗಿಯಿತು ಎಂಬುದು ಆ ಚಿತ್ರ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯದೆ ಹೋದರೆ ಅದರ ನೋವು ಉಣ್ಣುವವರು ಹಾಸಿಗೆ ಹಿಡಿದವರು.

ನಂಬಿಕೆ 1: ಮಿದುಳಿನ ಶೇ 10ರಷ್ಟನ್ನು ಮಾತ್ರ ನಾವು ಬಳಸುತ್ತೇವೆ

ಸತ್ಯ: ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2. ಆದರೆ ಸುಮ್ಮನೆ ಕುಳಿತಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಹೋಗುತ್ತದೆ. ಕೆಲಸವಿಲ್ಲದ ಅಂಗವನ್ನು ಇಷ್ಟು ದುಬಾರಿಯಾಗಿ ಸಾಕುವ ದೇಹ ಇಲ್ಲ. ಏನೂ ಮಾಡದೆ ಯೋಚನೆಯಲ್ಲಿ ಮುಳುಗಿದಾಗಲೇ ಹೆಚ್ಚು ಚುರುಕಾಗುವ ಒಂದು ಜಾಲವನ್ನು 2001ರಲ್ಲಿ ಅಮೆರಿಕದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ವಿವರಿಸಿದರು. ಶೇ 90 ಭಾಗ ಖಾಲಿ ಬಿದ್ದಿದ್ದರೆ ಹೆಚ್ಚಿನ ಪೆಟ್ಟುಗಳಿಂದ ಏನೂ ಆಗಬಾರದಿತ್ತು. ವಾಸ್ತವದಲ್ಲಿ ಮಿದುಳುಕಾಂಡದೊಳಗಿನ ಸಣ್ಣ ರಕ್ತಸ್ರಾವವೂ ಜೀವ ತೆಗೆಯಬಲ್ಲದು.

ನಂಬಿಕೆ 2: ಎಡ ಮಿದುಳಿನವರು ಲೆಕ್ಕದವರು, ಬಲ ಮಿದುಳಿನವರು ಕಲಾವಿದರು

ಸತ್ಯ: ಎರಡು ಅರ್ಧಗೋಳಗಳು ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂಬುದು ನಿಜ. ಹೆಚ್ಚಿನವರಲ್ಲಿ ಭಾಷೆಯ ಬಹುಭಾಗ ಎಡಕ್ಕೆ ವಾಲಿದೆ, ಸುತ್ತಲಿನ ಜಾಗದ ಕಡೆಗಿನ ಗಮನ ಬಲಕ್ಕೆ ವಾಲಿದೆ. ಎರಡೂ ಗೋಳಗಳ ನಡುವಿನ ಸೇತುವೆಯನ್ನು ಚಿಕಿತ್ಸೆಗಾಗಿ ಕತ್ತರಿಸಿದ್ದ ರೋಗಿಗಳನ್ನು ಅಧ್ಯಯನ ಮಾಡಿ ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರಿ ಎರಡು ಗೋಳಗಳ ಈ ವ್ಯತ್ಯಾಸವನ್ನು ತೋರಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಮನುಷ್ಯರನ್ನೇ ಎಡದವರು, ಬಲದವರು ಎಂದು ವಿಂಗಡಿಸುವುದಕ್ಕೆ ಆಧಾರವಿಲ್ಲ. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ 1,011 ಜನರ ಮಿದುಳಿನ ಸ್ಕ್ಯಾನ್ ಪರಿಶೀಲಿಸಿದಾಗ, ಒಂದು ಕಡೆಯ ಜಾಲಗಳೇ ಇಡಿಯಾಗಿ ಬಲವಾಗಿರುವ ‘ಬಗೆಯ’ ಜನ ಕಾಣಲಿಲ್ಲ. ಮಗುವಿಗೆ ಗಣಿತ ಕಷ್ಟವಾದರೆ ಅದರ ಹೊಣೆಯನ್ನು ಬಲ ಮಿದುಳಿನ ಮೇಲೆ ಹಾಕಿ ಕೈಬಿಡಬೇಡಿ.

ನಂಬಿಕೆ 3: ಮಾತಿಗೆ ಒಂದು ಜಾಗ, ನೆನಪಿಗೆ ಒಂದು ಜಾಗ, ಕೋಪಕ್ಕೆ ಒಂದು ಜಾಗ

ಸತ್ಯ: ಈ ನಂಬಿಕೆಗೆ ಬಲ ಕೊಟ್ಟ ಪ್ರಸಿದ್ಧ ಪ್ರಕರಣ 1861ರದ್ದು. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದರು. ಏನು ಕೇಳಿದರೂ ಅವರ ಬಾಯಿಂದ ಬರುತ್ತಿದ್ದದ್ದು ‘ತಾನ್’ ಎಂಬ ಒಂದೇ ಸದ್ದು. ಅವರು ತೀರಿಕೊಂಡ ಮೇಲೆ ವೈದ್ಯ ಪಾಲ್ ಬ್ರೋಕಾ ಮಿದುಳನ್ನು ಹೊರತೆಗೆದು ನೋಡಿದಾಗ ಎಡಗಡೆಯ ಮುಂಭಾಗದಲ್ಲಿ ಹಾನಿ ಕಂಡಿತು. ಆ ಜಾಗ ‘ಬ್ರೋಕಾ ಪ್ರದೇಶ’ ಎಂದೇ ಪಠ್ಯಪುಸ್ತಕ ಸೇರಿತು.

ಬ್ರೋಕಾ ಆ ಮಿದುಳನ್ನು ಕತ್ತರಿಸದೆ ಇಡಿಯಾಗಿ ಕಾಪಿಟ್ಟಿದ್ದರು. ಅದರಿಂದಾಗಿ ಅಮೆರಿಕದ ಸಂಶೋಧಕಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರಿಗೆ ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಲು ಸಾಧ್ಯವಾಯಿತು. 2007ರಲ್ಲಿ ಪ್ರಕಟವಾದ ಅವರ ವರದಿ ಹೇಳಿದ್ದು ಬೇರೆಯೇ ಕಥೆ. ಹಾನಿ ಮೇಲ್ಪದರದಲ್ಲಿ ನಿಂತಿರಲಿಲ್ಲ, ಬಹಳ ಆಳಕ್ಕೆ ಇಳಿದು ಮಿದುಳಿನ ಮುಂಭಾಗವನ್ನೂ ಹಿಂಭಾಗವನ್ನೂ ಜೋಡಿಸುವ ಉದ್ದನೆಯ ನರತಂತುಗಳನ್ನೂ ತಿಂದಿತ್ತು. ಬ್ರೋಕಾ ಪ್ರದೇಶವೊಂದಕ್ಕೇ ಪೆಟ್ಟಾದವರಲ್ಲಿ ಮಾತು ಅನೇಕ ವೇಳೆ ಬೇಗ ಸುಧಾರಿಸುತ್ತದೆ. ಮಾತು ಬಹುಕಾಲ ಕಟ್ಟಿಹೋಗುವುದು ಹೆಚ್ಚಾಗಿ ಈ ತಂತುಗಳೂ ಕಡಿದಾಗ.

ಹಾಗೆಂದು ಎಲ್ಲ ಭಾಗವೂ ಎಲ್ಲ ಕೆಲಸ ಮಾಡುತ್ತದೆ ಎಂದಲ್ಲ. ತಲೆಯ ಹಿಂಭಾಗದಲ್ಲಿರುವ ದೃಷ್ಟಿಯ ತೊಗಟೆ, ಅಂದರೆ ನೋಟವನ್ನು ನೋಡಿಕೊಳ್ಳುವ ಮೇಲ್ಪದರ, ಎಡಗಡೆ ಹಾಳಾದರೆ ಎರಡೂ ಕಣ್ಣುಗಳಿಗೆ ಬಲಗಡೆಯ ನೋಟ ಹೋಗುತ್ತದೆ. ಒಂದೊಂದು ಭಾಗಕ್ಕೂ ತನ್ನದೇ ಪರಿಣತಿ ಇದೆ. ಮಾತು, ನೆನಪು, ತೀರ್ಮಾನ, ಸಂಯಮದಂಥ ದೊಡ್ಡ ಕೆಲಸಗಳು ಮಾತ್ರ ಇಂಥ ಹಲವು ಭಾಗಗಳು ಕೂಡಿದರೆ ಆಗುವಂಥವು.

ನಂಬಿಕೆ 4: ಪೆಟ್ಟು ಎಲ್ಲಿ ಬಿದ್ದಿದೆಯೋ ತೊಂದರೆಯೂ ಅಲ್ಲೇ

ಸತ್ಯ: ಅರಸೀಕೆರೆ ಜಂಕ್ಷನ್‌ನಲ್ಲಿ ಹಳಿ ಕೆಟ್ಟರೆ ಹುಬ್ಬಳ್ಳಿಯ ಪ್ಲಾಟ್‌ಫಾರಂ ಖಾಲಿಯಾಗುತ್ತದೆ, ಮೈಸೂರಿನ ರೈಲು ತಡವಾಗುತ್ತದೆ, ಆ ಎರಡು ನಿಲ್ದಾಣಗಳಲ್ಲಿ ಒಂದು ಇಟ್ಟಿಗೆಯೂ ಬಿದ್ದಿರುವುದಿಲ್ಲ. ಮಿದುಳಿನಲ್ಲೂ ಹೀಗೆ ಪೆಟ್ಟಾದ ಜಾಗದಿಂದ ದೂರದ, ಗಾಯವಿಲ್ಲದ ಭಾಗಗಳು ಮಂಕಾಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡಿದ ಕಾನ್‌ಸ್ಟಾಂಟಿನ್ ಫಾನ್ ಮೊನಾಕೊವ್ 1914ರಲ್ಲೇ ಇದಕ್ಕೆ ‘ಡಯಾಸ್ಕಿಸಿಸ್’ ಎಂಬ ಹೆಸರು ಕೊಟ್ಟಿದ್ದರು. ಪರೀಕ್ಷಿಸಿ ನೋಡುವ ಸಾಧನ ಬಂದದ್ದು ಬಹಳ ತಡವಾಗಿ.

2015ರಿಂದ ಅಮೆರಿಕದ ಬಾಸ್ಟನ್‌ನ ಏರನ್ ಬೋಸ್, ಮೈಕಲ್ ಫಾಕ್ಸ್ ಮೊದಲಾದವರು ಹೊಸ ದಾರಿಯೊಂದನ್ನು ಹಿಡಿದರು. ಒಂದೇ ಲಕ್ಷಣ ಇರುವ ರೋಗಿಗಳ ಗಾಯಗಳ ಜಾಗವನ್ನು ಗುರುತಿಸುವುದು, ಆಮೇಲೆ ನೂರಾರು ಆರೋಗ್ಯವಂತರ ಸ್ಕ್ಯಾನ್‌ನಿಂದ ತಯಾರಿಸಿದ ಸಂಪರ್ಕದ ನಕ್ಷೆಯ ಮೇಲೆ ಅವನ್ನಿಟ್ಟು, ಈ ಗಾಯಗಳೆಲ್ಲ ಯಾವ ಜಾಲಕ್ಕೆ ಸೇರಿದವು ಎಂದು ನೋಡುವುದು. ಮಿದುಳುಕಾಂಡದ ಸುತ್ತಮುತ್ತ ಬೇರೆ ಬೇರೆ ಕಡೆ ಪೆಟ್ಟಾಗಿ, ಇಲ್ಲದ ಮನುಷ್ಯರೂ ಪ್ರಾಣಿಗಳೂ ಕಣ್ಣಿಗೆ ಕಾಣುತ್ತಿದ್ದ ರೋಗಿಗಳಲ್ಲಿ, ಬಹುತೇಕ ಎಲ್ಲ ಗಾಯಗಳ ಎಳೆಯೂ ದೂರದ ದೃಷ್ಟಿ ಪ್ರದೇಶವೊಂದಕ್ಕೆ ತಲುಪಿತು. 2022ರಲ್ಲಿ ಫಿನ್‌ಲೆಂಡಿನ ಯುಹೊ ಯೌತ್ಸಾ ಮತ್ತು ಸಂಗಡಿಗರು, ಮಿದುಳಿಗೆ ಪೆಟ್ಟಾದ ನಂತರ ಸಿಗರೇಟಿನ ಚಟ ತಾನಾಗಿಯೇ ಬಿಟ್ಟುಹೋದವರನ್ನು ಹೀಗೇ ಅಧ್ಯಯನ ಮಾಡಿದರು. ಗಾಯಗಳು ಚದುರಿದ್ದರೂ ಅವುಗಳಿಗೆ ಸಮಾನವಾದ ಜಾಲವೊಂದು ಕಂಡಿತು. ಚಟವನ್ನು ಬರೀ ಮನೋಬಲದ ಕೊರತೆ ಎಂದು ಹೀಯಾಳಿಸುವವರು ಇದನ್ನು ಗಮನಿಸಬೇಕು.

ಒಂದು ಎಚ್ಚರಿಕೆ ಬೇಕು. ಈ ನಕ್ಷೆ ಆರೋಗ್ಯವಂತರ ಸರಾಸರಿಯದು, ರೋಗಿಯ ಸ್ವಂತ ಮಿದುಳಿನದ್ದಲ್ಲ. ಅದು ಸುಳಿವು ಕೊಡುತ್ತದೆ. ಚಿಕಿತ್ಸೆಯಾಗಬೇಕಾದರೆ ಪ್ರತ್ಯೇಕ ಪರೀಕ್ಷೆಯಲ್ಲಿ ಗೆದ್ದು ಬರಬೇಕು.

ನಂಬಿಕೆ 5: ಮುಂಭಾಗಕ್ಕೆ ಪೆಟ್ಟಾದರೆ ಮನುಷ್ಯ ಕಾಯಂ ಕೆಟ್ಟವನಾಗುತ್ತಾನೆ

ಸತ್ಯ: ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಫಿನಿಯಸ್ ಗೇಜ್. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವಾಗ, ಸುಮಾರು 6 ಕಿಲೋ ತೂಕದ, ಒಂದು ಮೀಟರಿಗೂ ಉದ್ದದ ಕಬ್ಬಿಣದ ಸಲಾಕೆ ಅವರ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವರು ಬದುಕಿದರು. ಆದರೆ ಗೆಳೆಯರಿಗೆ ಅವರು ಮೊದಲಿನ ಗೇಜ್ ಆಗಿ ಕಾಣಲಿಲ್ಲ. ಬೈಗುಳ, ಚಂಚಲತೆ, ಹಠ ಸೇರಿಕೊಂಡಿದ್ದವು ಎಂದು ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯ ಹಾರ್ಲೊ ದಾಖಲಿಸಿದ್ದಾರೆ.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಗೇಜ್ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದರು. ಹಲವು ಕುದುರೆಗಳನ್ನು ಹಿಡಿತದಲ್ಲಿಟ್ಟು, ಪ್ರಯಾಣಿಕರೊಂದಿಗೆ ವ್ಯವಹರಿಸಿ, ಹೊತ್ತಿಗೆ ಸರಿಯಾಗಿ ಹೊರಡಬೇಕಾದ ಕೆಲಸ ಅದು. ಕಡಿವಾಣವೇ ಇಲ್ಲದವರಿಂದ ಆಗುವಂಥದ್ದಲ್ಲ. ದಿನಚರಿ ಗಟ್ಟಿಯಾಗಿದ್ದ ಆ ಬದುಕು ಅವರನ್ನು ಬಹುಮಟ್ಟಿಗೆ ಮರಳಿ ಕಟ್ಟಿತು ಎಂದು ಅವರ ಬದುಕನ್ನು ಸಂಶೋಧಿಸಿದ ಮಾಲ್ಕಮ್ ಮ್ಯಾಕ್‌ಮಿಲನ್ ವಾದಿಸಿದ್ದಾರೆ. ಗೇಜ್ 1860ರಲ್ಲಿ, ಫಿಟ್ಸ್ ಕಾಣಿಸಿಕೊಂಡ ಬಳಿಕ ತೀರಿಕೊಂಡರು. ಅವರ ತಲೆಬುರುಡೆಯ ಆಧಾರದ ಮೇಲೆ 2012ರಲ್ಲಿ ಮಾಡಿದ ಲೆಕ್ಕಾಚಾರದಂತೆ, ಸಲಾಕೆ ಕೆಡಿಸಿದ್ದು ತೊಗಟೆಯ ಸುಮಾರು ಶೇ 4ನ್ನು. ಸಂಪರ್ಕದ ತಂತುಗಳಲ್ಲಿ ಸುಮಾರು ಶೇ 11 ಹಾಳಾಗಿದ್ದವು. ಗುಣ ಬದಲಾದದ್ದಕ್ಕೆ ತೂತಿನಷ್ಟೇ ಕಡಿದ ಸಂಪರ್ಕವೂ ಕಾರಣವಾಗಿರಬಹುದು.

ನಂಬಿಕೆ 6: ಮಾತು ಹೋದರೆ ಬುದ್ಧಿಯೂ ಹೋದಂತೆ

ಸತ್ಯ: ಮನೆಗಳಲ್ಲಿ ಅತಿ ಹೆಚ್ಚು ನೋವು ಕೊಡುವ ತಪ್ಪು ಇದು. ಅಫೇಸಿಯಾ ಎಂಬ ಸ್ಥಿತಿಯಲ್ಲಿ ಹೇಳಬೇಕೆಂದಿರುವುದು ಮನಸ್ಸಿನಲ್ಲಿ ಸ್ಪಷ್ಟವಾಗಿದ್ದು, ಪದ ಮಾತ್ರ ಸಿಗದಿರಬಹುದು. ಕೆಲವರಿಗೆ ಮಾತು ಸರಾಗವಾಗಿ ಹರಿದರೂ ಅರ್ಥ ಕೂಡುವುದಿಲ್ಲ, ಇತರರ ಮಾತು ತಿಳಿಯುವುದೂ ಕಷ್ಟ. ಇದನ್ನು ‘ಹುಚ್ಚು’ ಎಂದುಕೊಳ್ಳುವವರಿದ್ದಾರೆ. ಈ ಎರಡೂ ಬಗೆಯವರಲ್ಲಿ ಮುಖ ಗುರುತಿಸುವುದು, ಪ್ರೀತಿ, ನಾಚಿಕೆ, ಅವಮಾನ ಎಲ್ಲವೂ ಉಳಿದಿರಬಹುದು. ಅವರ ಎದುರೇ ‘ಇವರಿಗೇನೂ ಗೊತ್ತಾಗಲ್ಲ’ ಎಂದು ಮಾತಾಡಬೇಡಿ.

‘ನೀರು’ ಎನ್ನಲಾಗದವರು ಬಾಯಿಪಾಠವಾಗಿದ್ದ ದೇವರನಾಮವನ್ನು ಹಾಡಿಬಿಡುವುದುಂಟು, ಒಂದರಿಂದ ಹತ್ತು ಎಣಿಸುವುದುಂಟು. ಮನೆಯವರು ಆಗ ‘ಹಾಡೋಕೆ ಬರುತ್ತೆ, ಮಾತಾಡೋಕೆ ಆಗಲ್ವಾ?’ ಎಂದು ಸಿಟ್ಟಾಗುತ್ತಾರೆ. ರೂಢಿಯಾದ ಸಾಲುಗಳೂ ರಾಗವೂ ನಡೆಯುವ ದಾರಿ, ಹೊಸ ವಾಕ್ಯ ಕಟ್ಟುವ ದಾರಿಗಿಂತ ಸ್ವಲ್ಪ ಬೇರೆ. ರಾಗವನ್ನೇ ಹಿಡಿದು ಮಾತನ್ನು ಹೊರತರುವ ಚಿಕಿತ್ಸಾ ವಿಧಾನವೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಕನ್ನಡದಲ್ಲೇ ಇಂಥ ತೊಂದರೆಯನ್ನು ಪರೀಕ್ಷಿಸುತ್ತಾರೆ.

‘ಎರಡು ಮೂರು ಭಾಷೆ ತಲೆಯಲ್ಲಿದ್ದರೆ ಗೊಂದಲ’ ಎಂಬ ಹೆದರಿಕೆಯೂ ಬೇಡ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಲಕ್ವ ಹೊಡೆದ 608 ಜನರ ದಾಖಲೆ ನೋಡಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಸುಮಾರು ಶೇ 40 ಮಂದಿಯ ಅರಿವಿನ ಶಕ್ತಿ ಸಹಜವಾಗಿತ್ತು. ಒಂದೇ ಭಾಷೆಯವರಲ್ಲಿ ಸುಮಾರು ಶೇ 20. ಆದರೆ ಅಫೇಸಿಯಾ ಬರುವ ಸಾಧ್ಯತೆ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು.

ನಂಬಿಕೆ 7: ‘ಬೇಕಂತಲೇ ಹಾಗೆ ಮಾಡ್ತಾರೆ’

ಸತ್ಯ: ಬಲ ಅರ್ಧಗೋಳಕ್ಕೆ ಪೆಟ್ಟಾದವರು ತಟ್ಟೆಯ ಬಲಭಾಗದ ಅನ್ನ ತಿಂದು, ಎಡಕ್ಕೆ ಬಡಿಸಿದ ಪಲ್ಯ ಮುಟ್ಟದೆ ಏಳಬಹುದು. ಕಣ್ಣು ಸರಿಯಿದೆ, ಎಡಗಡೆಯ ಲೋಕ ಗಮನಕ್ಕೆ ಬರುವುದಿಲ್ಲ. ತಟ್ಟೆ ತಿರುಗಿಸಿಟ್ಟರೆ ಉಳಿದದ್ದನ್ನೂ ತಿನ್ನುತ್ತಾರೆ. ಬಿದ್ದುಹೋದ ಕೈಯನ್ನು ‘ಚೆನ್ನಾಗೇ ಇದೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಾಯಿಲೆಯ ಅರಿವೇ ಕಾಯಿಲೆಗೆ ಸಿಕ್ಕಿದೆ. ದಿನವಿಡೀ ಸುಮ್ಮನೆ ಕೂರುವುದು ಸೋಮಾರಿತನವಾಗಿರಲಿಕ್ಕಿಲ್ಲ, ಕೆಲಸಕ್ಕೆ ಮನಸ್ಸನ್ನು ಎಬ್ಬಿಸುವ ಜಾಲ ಮಂಕಾಗಿರಬಹುದು. ಕಾರಣವಿಲ್ಲದೆ ಉಕ್ಕುವ ಅಳು, ನಗುವಿಗೆ ಔಷಧವೂ ಇದೆ. ಇಂಥ ಪ್ರತಿಯೊಂದನ್ನೂ ವೈದ್ಯರಿಗೆ ಹೇಳಿ. ಬೈದರೆ ಇದು ಸರಿಹೋಗುವುದಿಲ್ಲ, ದೃಷ್ಟಿ ತೆಗೆಸಿದರೂ ಹೋಗುವುದಿಲ್ಲ.

ನಂಬಿಕೆ 8: ಸ್ಕ್ಯಾನ್ ಮಾಡಿದರೆ ಮನಸ್ಸು, ಅಪರಾಧ ಎಲ್ಲ ಗೊತ್ತಾಗುತ್ತದೆ

ಸತ್ಯ: ಪತ್ರಿಕೆಗಳಲ್ಲಿ ಕಾಣುವ ಬಣ್ಣದ ಮಿದುಳಿನ ಚಿತ್ರ ಯೋಚನೆಯ ಫೋಟೊ ಅಲ್ಲ. ಅದು ರಕ್ತದ ಆಮ್ಲಜನಕದ ಏರಿಳಿತದಿಂದ ಲೆಕ್ಕ ಹಾಕಿ ಬಿಡಿಸಿದ ನಕ್ಷೆ. ಆರೋಪಿಯ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಿ ತಪ್ಪಿತಸ್ಥನೆಂದು ಹೇಳುವ ಪರೀಕ್ಷೆಗಳೂ ನಮ್ಮಲ್ಲಿ ಬಂದಿದ್ದವು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಬಲವಂತವಾಗಿ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ವಿಜ್ಞಾನದ ಕಡೆಯಿಂದಲೂ ಇದು ಸರಿಯಾದ ಎಚ್ಚರಿಕೆ. ಅಪರಾಧ ಮಾಡಿದವರೊಬ್ಬರ ಮಿದುಳಿನಲ್ಲಿ ಗಾಯ ಕಂಡರೂ, ಅದೇ ಬಗೆಯ ಗಾಯ ಇರುವವರಲ್ಲಿ ಬಹುಪಾಲು ಜನ ಯಾವ ಅಪರಾಧವನ್ನೂ ಮಾಡುವುದಿಲ್ಲ.

ನಂಬಿಕೆ 9: ಸತ್ತ ನರಕೋಶ ಹುಟ್ಟಲ್ಲ, ಆದ್ದರಿಂದ ಹೋದದ್ದು ಹೋಯಿತು

ಸತ್ಯ: ಸತ್ತ ಕೋಶ ಮರಳುವುದಿಲ್ಲ, ನಿಜ. ಆದರೆ ಚೇತರಿಕೆ ಆ ಕೋಶಗಳಿಗೆ ಕಾದು ಕೂರುವುದಿಲ್ಲ. ಬಾವು ಇಳಿಯುತ್ತದೆ, ಮಂಕಾದ ದೂರದ ಭಾಗಗಳು ಎಚ್ಚರಗೊಳ್ಳುತ್ತವೆ, ಉಳಿದ ಜಾಲಗಳು ಅಭ್ಯಾಸದಿಂದ ಹೊಸ ದಾರಿ ಹುಡುಕುತ್ತವೆ. ಮೊದಲ ಮೂರು ತಿಂಗಳಲ್ಲಿ ವೇಗ ಹೆಚ್ಚು. ಅಲ್ಲಿಗೇ ಬಾಗಿಲು ಮುಚ್ಚುವುದಿಲ್ಲ.

ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಫಿಟ್ಸ್ ನಿಲ್ಲಿಸಲೆಂದು ಮಿದುಳಿನ ಎರಡೂ ಬದಿಯ ಒಳಭಾಗದ ಒಂದಷ್ಟನ್ನು ತೆಗೆದರು. ಆಮೇಲೆ ಹೊಸ ಘಟನೆ ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೊಲೈಸನ್‌ರಿಂದ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಸಿದಾಗ, ದಿನದಿಂದ ದಿನಕ್ಕೆ ಕೈ ಪಳಗಿತು, ಹಿಂದೆ ಅದನ್ನು ಮಾಡಿದ ನೆನಪೇ ಇಲ್ಲದಿದ್ದರೂ. ‘ನೆನ್ನೆ ಹೇಳಿಕೊಟ್ಟದ್ದೇ ನೆನಪಿಲ್ಲ’ ಎಂದು ವ್ಯಾಯಾಮ ಬಿಡಿಸುವವರು ಇದನ್ನು ತಿಳಿದಿರಬೇಕು. ಮರೆತವರೂ ಕಲಿಯಬಲ್ಲರು.

ಇಷ್ಟಕ್ಕೆಲ್ಲ ಮೊದಲ ಷರತ್ತು ಸಮಯ. ದೊಡ್ಡ ರಕ್ತನಾಳ ಕಟ್ಟಿಕೊಂಡ ಲಕ್ವದಲ್ಲಿ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಪಾರಿವಾಳದ ರಕ್ತ ಹಚ್ಚುವುದರಲ್ಲಿ, ನಾಟಿ ಮದ್ದು ಹುಡುಕುವುದರಲ್ಲಿ ಆ ಗಂಟೆಗಳನ್ನು ಕಳೆಯಬೇಡಿ.

ಮನೆಗೆ ಬಂದ ಮೇಲೆ ನಿಮ್ಮವರಿಗೆ ಏನು ಹೋಗಿದೆ ಎಂಬುದರ ಜೊತೆಗೆ ಏನು ಉಳಿದಿದೆ ಎಂಬುದನ್ನೂ ಬರೆದಿಡಿ: ಯಾವ ಹಾಡು, ಯಾವ ಸನ್ನೆ, ಯಾವ ಕೆಲಸ, ದಿನದ ಯಾವ ಹೊತ್ತಿನಲ್ಲಿ ಮಾತು ಸಲೀಸು. ಸ್ಪೀಚ್ ಥೆರಪಿ, ಫಿಸಿಯೋಥೆರಪಿ ಮಾಡುವವರಿಗೆ ಆ ಪಟ್ಟಿ ತೋರಿಸಿ. ಚಿಕಿತ್ಸೆ ಶುರುವಾಗುವುದು ಉಳಿದದ್ದರಿಂದ, ಮತ್ತು ಅದನ್ನು ದಿನವೂ ಹತ್ತಿರದಿಂದ ನೋಡುವವರು ನೀವು.